ಬಾಡಿಗೆಗೆ ಕೊಡಲು ಮನೆ ಕೊಳ್ಳೋದಾ, ಅಂಗಡಿ ಕೊಳ್ಳೋದಾ?

ಬಾಡಿಗೆ ಆದಾಯಕ್ಕೆಂದು ಮೊದಲ ಸಲ ಆಸ್ತಿ ಕೊಳ್ಳುವವರಿಗೆ ಮನೆಯೇ ವಾಸಿ ಅಂತ ನನಗನಿಸುತ್ತದೆ. ಒಬ್ಬರು ಬಿಟ್ಟುಹೋದರೆ ಇನ್ನೊಬ್ಬರು ಸಾಮಾನ್ಯವಾಗಿ ಬೇಗ ಸಿಗುತ್ತಾರೆ. ಆದರೆ ನಲ್ಲಿ ಸೋರಿದರೂ, ಗೋಡೆಗೆ ತೇವ ಬಂದರೂ ಫೋನ್ ಬರುವುದು ನಿಮಗೇ.

ಅಂಗಡಿಯ ಕರಾರು ಹೆಚ್ಚಾಗಿ ಹಲವು ವರ್ಷದ್ದು. ಒಳಗಿನ ಶೆಲ್ಫು, ದೀಪದ ಖರ್ಚನ್ನು ಸಾಮಾನ್ಯವಾಗಿ ಬಾಡಿಗೆದಾರರೇ ಹಾಕಿಕೊಳ್ಳುತ್ತಾರೆ. ಖಾಲಿಯಾಯಿತೋ, ತಿಂಗಳುಗಟ್ಟಲೆ ಬೀಗ ನೇತಾಡಬಹುದು.

ಲೆಕ್ಕ ಹಾಕಿ ನೋಡಿ. ವರ್ಷದಲ್ಲಿ 1 ತಿಂಗಳು ಖಾಲಿ ಇದ್ದರೆ ಬಾಡಿಗೆಯ ಸುಮಾರು 8.3% ಹೋಯಿತು. 4 ತಿಂಗಳಾದರೆ ಮೂರರಲ್ಲಿ ಒಂದು ಪಾಲು! ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ, ಅಲ್ವಾ? ಆರು ತಿಂಗಳ ಕಂತು ಕೈಯಲ್ಲಿದ್ದರೆ ಅಂಗಡಿ ನೋಡಿ. ಇಲ್ಲದಿದ್ದರೆ ಸುಮ್ನೆ ಮನೆ ತಗೊಳ್ಳಿ. ಯಾವ ರಿಪೇರಿ ಯಾರದ್ದು ಅಂತ ಮಾತ್ರ ಕರಾರಿನಲ್ಲಿ ಮೊದಲೇ ಬರೆಸಿಬಿಡಿ.