ಮೂರು ಡಬ್ಬಿಯ ಪ್ರಾಣಿ-ಆಹಾರ ಸೆಟ್ಟು: ಅಚ್ಚು ಚೊಲೊ ಐತಿ, ಪಾಂಡಾದ ಜಾಗ ತಪ್ಪೈತಿ

ಬೆಳಗಾವಿಯ ಖಡೇಬಜಾರ್, ಗಣಪತಿ ಗಲ್ಲಿಯ ಸ್ಟೇಷನರಿ ಅಂಗಡಿಗಳಲ್ಲಿ ಸಿಗುವ ಈ ಸೆಟ್ಟಿನಲ್ಲಿ ಒಂದು ಗೋಡೆ ಚಾರ್ಟು, 36 ಕಾರ್ಡು, ಕಾರ್ಡು ಹಾಕಲು ಮೂರು ರಟ್ಟಿನ ಡಬ್ಬಿ ಇವೆ. ಡಬ್ಬಿಗಳ ಮೇಲೆ ಸಸ್ಯಾಹಾರಿ, ಮಾಂಸಾಹಾರಿ, ಮಿಶ್ರಾಹಾರಿ ಎಂದು ಬರೆದಿದೆ. ಬೆಲೆ ₹340. ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಒಂದೇ ಕಾರ್ಡಿನಲ್ಲಿ ತುರುಕಿದ್ದರಿಂದ ಕನ್ನಡದ ಅಕ್ಷರ ಸಣ್ಣದಾಗಿದೆ; ಹಿಂದಿನ ಬೆಂಚಿನ ಮಕ್ಕಳಿಗೆ ಕಾಣುವುದಿಲ್ಲ. ಬಣ್ಣ ಮಾತ್ರ ಗಟ್ಟಿ. ಲ್ಯಾಮಿನೇಶನ್ ಎರಡೂ ಬದಿಗಿದೆ, ಅಂಚನ್ನು ಚೂರು ಬಿಟ್ಟು ಕತ್ತರಿಸಿದ್ದರಿಂದ ಬೆಳಗಾವಿಯ ಮಳೆಗಾಲದಲ್ಲೂ ಒಳಗೆ ನೀರು ಇಳಿಯುವುದಿಲ್ಲ. ಆದರೆ ಮೇಲಿನ ತಗಡಿನ ಪಟ್ಟಿಗೆ ತುಕ್ಕು ಬರುತ್ತದೆ, ಮೊದಲೇ ಒಂದು ಕೈ ಪೇಂಟ್ ಬಳಿಯಿರಿ. ವಿಜಯಪುರದ ಕಡೆಯವರು ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಪ್ಲಾಸ್ಟಿಕ್ ಹಾಳೆ ಉಬ್ಬಿ ಬೊಕ್ಕೆ ಏಳುತ್ತದೆ.

ಇಷ್ಟು ಸಾಮಾನಿನ ಮಾತು. ಇನ್ನು ಒಳಗಿನ ವಿಷಯ.

ಚಾರ್ಟಿನಲ್ಲಿ ದೈತ್ಯ ಪಾಂಡಾ ಹುಲಿ, ತೋಳಗಳ ಪಕ್ಕ ಮಾಂಸಾಹಾರಿ ಸಾಲಿನಲ್ಲಿದೆ. ಅದೇ ಪಾಂಡಾದ ಕಾರ್ಡು ತಿರುಗಿಸಿದರೆ ‘ಬಿದಿರು ತಿನ್ನುತ್ತದೆ’ ಎಂದಿದೆ. ಉತ್ತರದ ಹಾಳೆಯಲ್ಲಿ ಮತ್ತೆ ಮಿಶ್ರಾಹಾರಿ. ಒಂದೇ ಸೆಟ್ಟಿನಲ್ಲಿ ಒಂದು ಪ್ರಾಣಿಗೆ ಮೂರು ಜಾಗ! ಯಾಕೆ ಹೀಗಾಯಿತೆಂದು ಊಹಿಸುವುದು ಕಷ್ಟವಲ್ಲ. ಪಾಂಡಾ ಕಾರ್ನಿವೊರಾ (‘ಮಾಂಸ ತಿನ್ನುವವು’ ಎಂಬ ಅರ್ಥದ ಹೆಸರು) ಗಣಕ್ಕೆ, ಅದರಲ್ಲಿ ಕರಡಿಗಳ ಕುಟುಂಬಕ್ಕೆ ಸೇರಿದ ಪ್ರಾಣಿ. ಗಣ ಹೇಳುವುದು ವಂಶವನ್ನು, ಊಟವನ್ನಲ್ಲ. ಚಾರ್ಟು ಮಾಡಿದವರು ಇವೆರಡನ್ನೂ ಕಲಸಿಬಿಟ್ಟಿದ್ದಾರೆ. ಕಾಡು ಪಾಂಡಾದ ಊಟದಲ್ಲಿ ನೂರಕ್ಕೆ ಸುಮಾರು 99 ಭಾಗ ಬಿದಿರೇ. ಅಪರೂಪಕ್ಕೆ ಸತ್ತ ಪ್ರಾಣಿಯ ಮಾಂಸ, ಇಲಿಯಂಥ ಸಣ್ಣ ದಂಶಕ ಸಿಕ್ಕರೆ ಬಿಡುವುದಿಲ್ಲ. ಆ ಒಂದು ಭಾಗಕ್ಕಾಗಿ ಮಿಶ್ರಾಹಾರಿ ಎನ್ನುವುದಾದರೆ ಎಲುಬು ಅಗಿಯುವ ಜಿಂಕೆಯನ್ನೂ ಅದೇ ಡಬ್ಬಿಗೆ ಹಾಕಬೇಕಾದೀತು. ಊಟದ ಲೆಕ್ಕದಲ್ಲಿ ಪಾಂಡಾ ಸಸ್ಯಾಹಾರಿ, ವಂಶದ ಲೆಕ್ಕದಲ್ಲಿ ಕರಡಿ. ಮಕ್ಕಳಿಗೆ ಎರಡನ್ನೂ ಹೇಳಿದರೇನೇ ಪಾಠ.

ಮೂರನೆಯ ಲೆಕ್ಕ ಹೊಟ್ಟೆಯದು. ಚಾರ್ಟು ಅದರ ಹತ್ತಿರವೇ ಸುಳಿದಿಲ್ಲ. ಕಣಿಕಿ ತಿನ್ನುವ ಎತ್ತಿಗೆ ನಾಲ್ಕು ಕೋಣೆಯ ಜಠರ, ನಾರನ್ನು ಕೊಳೆಸುವ ಸೂಕ್ಷ್ಮಜೀವಿಗಳ ದಂಡು, ಮೇವು ಒಳಗೆ ಎರಡು-ಮೂರು ದಿನ ಉಳಿಯುವಷ್ಟು ವ್ಯವಧಾನ ಇದೆ. ಪಾಂಡಾಕ್ಕೆ ಒಂದೇ ಕೋಣೆಯ ಜಠರ, ಮೈಯುದ್ದದ ನಾಲ್ಕೈದು ಪಟ್ಟಿನಷ್ಟು ಮಾತ್ರ ಕರುಳು. ಸೆಲ್ಯುಲೋಸ್, ಅಂದರೆ ಸಸ್ಯದ ನಾರಿನ ಮುಖ್ಯ ಅಂಶ, ಒಡೆಯುವ ಕಿಣ್ವ ಅದರ ದೇಹದಲ್ಲಿ ತಯಾರಾಗುವುದಿಲ್ಲ, ಕರುಳಿನ ಸೂಕ್ಷ್ಮಜೀವಿಗಳೂ ಬಹುಮಟ್ಟಿಗೆ ಮಾಂಸ ತಿನ್ನುವ ಪ್ರಾಣಿಗಳಿಗೆ ಹೊಂದುವಂಥವೇ. ತಿಂದದ್ದು ಸುಮಾರು ಅರ್ಧ ದಿನದೊಳಗೆ ಹೊರಗೆ. ಬಿದಿರಿನ ಒಣ ಅಂಶದಲ್ಲಿ ನೂರಕ್ಕೆ ಸುಮಾರು 17ರಷ್ಟು ಮಾತ್ರ ಮೈಗೆ ಹತ್ತುತ್ತದೆ. ನಮ್ಮ ಗಾಣದಲ್ಲಿ ಕಬ್ಬಿನ ರಸ ಹಿಂಡಿ ಸಿಪ್ಪೆ ಒಗೆದ ಹಾಗೆ, ಜೀವಕೋಶದೊಳಗಿನ ಸತ್ವ ಹೀರಿಕೊಂಡು ನಾರನ್ನು ಬಿಟ್ಟುಬಿಡುತ್ತದೆ. ಹೀಗಾಗಿಯೇ ದಿನಕ್ಕೆ 10ರಿಂದ 16 ತಾಸು ತಿನ್ನುವುದೇ ಅದರ ಕೆಲಸ. ಖರ್ಚೂ ಕಡಿಮೆ ಇಟ್ಟುಕೊಂಡಿದೆ: ಅಷ್ಟೇ ತೂಕದ ಸಸ್ತನಿಗೆ ದಿನಕ್ಕೆ ಬೇಕಾಗಬಹುದೆಂದು ಅಂದಾಜಿಸಿದ ಶಕ್ತಿಯಲ್ಲಿ ಪಾಂಡಾ ಬಳಸುವುದು ಸುಮಾರು 38% ಎಂದು 2015ರಲ್ಲಿ ಅಳೆದಿದ್ದಾರೆ.

ಇಲ್ಲೇ ಒಂದು ತಿರುವಿದೆ, ಪ್ರೌಢಶಾಲೆಯ ಮಕ್ಕಳಿಗಾದರೂ ಹೇಳಬೇಕು. 2019ರಲ್ಲಿ ಚೀನಾದ ಸಂಶೋಧಕರು ಲೆಕ್ಕ ಹಾಕಿದಾಗ ಪಾಂಡಾದ ಶಕ್ತಿಯಲ್ಲಿ ಸುಮಾರು ಅರ್ಧ ಪ್ರೋಟೀನಿನಿಂದಲೇ ಬರುತ್ತದೆಂದು ಕಂಡಿತು. ಅಪ್ಪಟ ಮಾಂಸಾಹಾರಿಗಳ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಎಳೆ ಮೊಳಕೆ, ಎಳೆ ಎಲೆ ಹುಡುಕಿ ತಿನ್ನುವುದು ಸುಮ್ಮನೆ ಅಲ್ಲ.

ಕಾರ್ಡಿನ ಹಿಂದೆ ‘ದಿನಕ್ಕೆ 38 ಕೆಜಿ ಬಿದಿರು’ ಎಂದಿದೆ. ಅರ್ಧ ಸತ್ಯ. ಆ ಅಂಕಿ ವಸಂತದಲ್ಲಿ ಮೊಳಕೆ ತಿನ್ನುವಾಗಿನದು. ಮೊಳಕೆಯಲ್ಲಿ ನೂರಕ್ಕೆ 90ರಷ್ಟು ನೀರೇ ಇರುವುದರಿಂದ ತೂಕ ಏರುತ್ತದೆ. ಎಲೆ, ಕಾಂಡ ತಿನ್ನುವ ದಿನಗಳಲ್ಲಿ 12–15 ಕೆಜಿ. ‘12ರಿಂದ 38 ಕೆಜಿ, ತಿನ್ನುವ ಭಾಗದ ಮೇಲೆ’ ಎಂದು ತಿದ್ದಿಕೊಳ್ಳಿ. ಚಿತ್ರವೂ ದಾರಿ ತಪ್ಪಿಸುತ್ತದೆ. ಪಾಂಡಾ ಅಪ್ಪಿಕೊಂಡಿರುವುದು ಖಾನಾಪುರದ ಕಡೆ ಮೇದಾರರು ಬುಟ್ಟಿಗೆ ಸೀಳುವಂಥ ದಪ್ಪ ಬಿದಿರು. ಸಿಚುವಾನ್, ಶಾನ್‌ಶಿ, ಗಾನ್ಸುಗಳ ತಂಪು ಬೆಟ್ಟಗಳಲ್ಲಿ ಅದು ತಿನ್ನುವುದು ಹೆಚ್ಚಾಗಿ ಸಪೂರ ಕಾಂಡದ ಗುಡ್ಡದ ಬಿದಿರು. ಹಿಡಿಯಲು ಮಣಿಕಟ್ಟಿನ ಒಂದು ಎಲುಬು ಬೆಳೆದು ಹೆಬ್ಬೆರಳಿನ ಕೆಲಸ ಮಾಡುತ್ತದೆ. ಚಿತ್ರದಲ್ಲಿ ಅದನ್ನು ಸರಿಯಾಗಿ ತೋರಿಸಿದ್ದಾರೆ, ಈ ಬೆಲೆಗೆ ನಿರೀಕ್ಷೆ ಮಾಡದ ಸಂಗತಿ.

ಉಳಿದ ಕಾರ್ಡುಗಳಲ್ಲಿ ಎರಡು ಕೆಟ್ಟಿವೆ. ಕೆಂಪು ಪಾಂಡಾವನ್ನು ದೈತ್ಯ ಪಾಂಡಾದ ತಮ್ಮನೆನ್ನುವಂತೆ ತೋರಿಸಿದ್ದಾರೆ. ಬಿದಿರೆಲೆ ತಿನ್ನುವುದು ಸಮವಾದರೂ ಅದರ ಕುಟುಂಬವೇ ಬೇರೆ. ಅದು ನಮ್ಮ ಸಿಕ್ಕಿಂ, ಅರುಣಾಚಲದಲ್ಲೂ ಇದೆ. ‘ಕರಡಿ’ ಎಂದು ಹಾಕಿರುವುದು ಮೀನು ಹಿಡಿಯುತ್ತಿರುವ ಕಂದು ಕರಡಿಯ ಫೋಟೊ. ನಮ್ಮ ಕರಿ ಕರಡಿ ಗೆದ್ದಲು, ಇರುವೆ, ಹಣ್ಣು, ಜೇನು ತಿನ್ನುವ ಜೀವಿ. ಗೆದ್ದಲು ಹೀರಲೆಂದೇ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲು ಅದಕ್ಕಿಲ್ಲ. ಮಿಶ್ರಾಹಾರಿ ಡಬ್ಬಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಕೊಂಡವರು ಹೀಗೆ ಸರಿಪಡಿಸಿಕೊಳ್ಳಬಹುದು. ಪಾಂಡಾದ ಕಾರ್ಡಿನ ಹಿಂದೆ ಬಿಳಿ ಸ್ಟಿಕ್ಕರ್ ಅಂಟಿಸಿ ಮೂರು ಸಾಲು ಬರೆಯಿರಿ: ವಂಶ – ಕರಡಿ; ಊಟ – ಬಿದಿರು; ಹೊಟ್ಟೆ – ಮಾಂಸ ತಿನ್ನುವವರದ್ದು. ಲ್ಯಾಮಿನೇಶನ್ ಮೇಲೆ ನೇರ ಬರೆದರೆ ಸ್ಕೆಚ್‌ಪೆನ್ ನಿಲ್ಲುವುದಿಲ್ಲ, ಪರ್ಮನೆಂಟ್ ಮಾರ್ಕರ್ ಬೇಕು. ಅಳಿಸಬೇಕಾದರೆ ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿ. ನಾಯಿ, ಕರಡಿ, ಕುರಿಯ ಕಾರ್ಡುಗಳಿಗೂ ಅದೇ ಮೂರು ಸಾಲು ಮಾಡಿದರೆ ಹೋಲಿಕೆ ಸಲೀಸು. ಕರುಳಿನ ಉದ್ದಕ್ಕೆ ನೂಲಿನ ಉಂಡೆ ಸಾಕು: ಪಾಂಡಾದ ಮೈ ಒಂದೂವರೆ ಮೀಟರ್ ಎಂದು ಹಿಡಿದು 6 ಮೀಟರ್ ನೂಲು ಕತ್ತರಿಸಿ, ಕುರಿಯ ಮೈ ಒಂದು ಮೀಟರ್ ಎಂದು ಹಿಡಿದು 25 ಮೀಟರ್. ಶಾಲೆಯ ವರಾಂಡದಲ್ಲಿ ಎರಡನ್ನೂ ಪಕ್ಕಪಕ್ಕ ಹಾಸಿ. ಕುರಿ ಕಾಯುವ ಮನೆಯ ಹುಡುಗರು ಉಳಿದದ್ದನ್ನು ತಾವೇ ಹೇಳುತ್ತಾರೆ.

ಐದರಲ್ಲಿ ಮೂರು ಅಂಕ ಕೊಡಬಹುದು. ಡಬ್ಬಿ, ಕಾರ್ಡಿನ ಗಟ್ಟಿತನಕ್ಕೆ ಎರಡು, ಚಿತ್ರಕ್ಕೆ ಒಂದು; ಉತ್ತರದ ಹಾಳೆಯನ್ನು ಬದಿಗಿಡಿ. ನಲಿ-ಕಲಿ ತರಗತಿಗೆ ಇದು ಬೇಡ, ಅಕ್ಷರ ಸಣ್ಣದು. ಐದನೆಯ ತರಗತಿಯಿಂದ ಮೇಲೆ ಆಗಬಹುದು. ಶಾಲೆಯ ಅನುದಾನದಲ್ಲಿ ಕೊಳ್ಳುವವರು ಪಕ್ಕಾ ಬಿಲ್ಲು ಕೇಳಿ, ಅಂಗಡಿಯಲ್ಲೇ ಪ್ಯಾಕು ಬಿಚ್ಚಿ 36 ಕಾರ್ಡು ಎಣಿಸಿಕೊಳ್ಳಿ. ಕಾರ್ಡು ಕಮ್ಮಿ ಬಂದರೆ ಬಿಡಿಯಾಗಿ ಸಿಗುವುದಿಲ್ಲ, ಇಡೀ ಸೆಟ್ಟನ್ನೇ ಬದಲಿಸಿಕೊಳ್ಳಬೇಕು.