ಡಯಟ್ ಮುಗಿಸಿದ ಮೊದಲ ವಾರ ತೂಕ ಏರಿದರೆ ಹೆದರಬೇಡಿ, ನಾನು ಹೆದರಿ ಕೆಟ್ಟೆ

ಹಾಸನದಲ್ಲಿ ನನ್ನ ಹಾಗೆ ದುಡ್ಡು ಕೊಟ್ಟು ಡಯಟ್ ಹಿಡಿದವರು ಇನ್ನೂ ಎಷ್ಟು ಜನ ಇದ್ದಾರೋ, ಅವರಿಗೋಸ್ಕರ ಬರೆಯುತ್ತಿದ್ದೇನೆ.

ಜನವರಿಯಿಂದ ನಾಲ್ಕು ತಿಂಗಳು ಅನ್ನ, ಮುದ್ದೆ, ಅಕ್ಕಿ ರೊಟ್ಟಿ ಎಲ್ಲ ಬಿಟ್ಟಿದ್ದೆ. ಅವರೆಕಾಯಿ ಕಾಲ ಬೇರೆ, ಮನೆಯವರೆಲ್ಲ ಹಿದಕಿದ ಬೇಳೆ ಸಾರಿಗೆ ಮುದ್ದೆ ಮುರಿಯುತ್ತಿದ್ದರೆ ನಾನು ಸೌತೆಕಾಯಿ ಕಡಿಯುತ್ತಾ ಕೂತಿರುತ್ತಿದ್ದೆ. ದಿನಾ ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ವಾಕಿಂಗ್. 74 ಕೆ.ಜಿ. ಇದ್ದವಳು 66ಕ್ಕೆ ಇಳಿದೆ. ಇಳಿಸಿದ್ದು ಸಾಕು, ಇನ್ನು ಇಷ್ಟನ್ನೇ ಉಳಿಸಿಕೊಳ್ಳೋಣ ಅಂತ ಮಧ್ಯಾಹ್ನ ಒಂದು ಮುದ್ದೆ, ರಾತ್ರಿ ಸ್ವಲ್ಪ ಅನ್ನ ಶುರು ಮಾಡಿದೆ. ಜೊತೆಗೆ ಬಸ್ಸಾರು, ಉಪ್ಪಿನಕಾಯಿ, ಅಷ್ಟೇ. ಐದನೇ ದಿನ ತೂಕ ನೋಡಿದರೆ 68.2!

ಕೋಚ್‌ಗೆ ಫೋನ್ ಮಾಡಿದೆ. 'ಬಾಯಿ ಕಟ್ಟೋಕೆ ಆಗಲಿಲ್ವಾ ಮೇಡಂ' ಅಂದು, ಐದು ದಿನ ಬರೀ ಸೂಪ್, ಮಜ್ಜಿಗೆ ಕುಡಿಯಿರಿ ಅಂದರು. ಕುಡಿದೆ, 66.1ಕ್ಕೆ ಬಂತು. ಆಗ ಅವರು ನನಗೆ ದೇವರ ಹಾಗೆ ಕಂಡಿದ್ದರು. ಮತ್ತೆ ಊಟ, ಮತ್ತೆ 68, ಮತ್ತೆ ಸೂಪ್. ಹೀಗೆ ಮೂರು ಸಲ. ಮೂರನೇ ಸಲ ಹಸಿವು ತಡೆಯಲಾಗದೆ ರಾತ್ರಿ 11 ಗಂಟೆಗೆ ಅಡುಗೆಮನೆಯ ಲೈಟನ್ನೂ ಹಾಕದೆ, ನಿಂತುಕೊಂಡೇ ಅರ್ಧ ಡಬ್ಬಿ ಕೊಬ್ಬರಿ ಮಿಠಾಯಿ ತಿಂದೆ. ಅಲ್ಲಿಂದ ಹಿಡಿತ ತಪ್ಪಿತು. ಎರಡು ತಿಂಗಳಲ್ಲಿ 71. ಬಾಚಣಿಗೆ ತುಂಬ ಕೂದಲು ಬೇರೆ.

ನನ್ನ ನಾದಿನಿ ನರ್ಸ್. ಕೇಳಿದವಳೇ ಬೈದಳು. 'ಅತ್ತಿಗೆ, ಮೊದಲು ಏರಿದ್ದು ಕೊಬ್ಬಲ್ಲ, ನೀರು.' ಅನ್ನ, ಮುದ್ದೆ ಬಿಟ್ಟಾಗ ಸ್ನಾಯು ಮತ್ತು ಲಿವರ್‌ನಲ್ಲಿರುವ ಗ್ಲೈಕೋಜನ್, ಅಂದರೆ ಮೈ ಕೂಡಿಟ್ಟುಕೊಂಡ ಸಕ್ಕರೆಯ ದಾಸ್ತಾನು, ಕರಗಿರುತ್ತದೆ. ತಿಂದರೆ ಮತ್ತೆ ತುಂಬುತ್ತದೆ, ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರನ್ನೂ ಹಿಡಿದಿಡುತ್ತದೆ. 400 ಗ್ರಾಂ ತುಂಬಿದರೆ ಅಲ್ಲಿಗೇ ಒಂದೂವರೆ ಕೆ.ಜಿ. ದಾಟಿತು. ಉಪ್ಪಿನಕಾಯಿ ತಿಂದರೆ ಮೈಯಲ್ಲಿ ನಿಲ್ಲುವ ನೀರು, ಹೊಟ್ಟೆಯಲ್ಲಿ ಇನ್ನೂ ಅರಗದ ಊಟ ಬೇರೆ. ಮುಟ್ಟು ಹತ್ತಿರ ಇದ್ದರೆ ಇನ್ನೂ ಸ್ವಲ್ಪ ಏರುತ್ತದೆ. ಸೂಪ್ ಕುಡಿದಾಗ ಇಳಿದಿದ್ದೂ ಹೆಚ್ಚುಕಮ್ಮಿ ಇದೇ ನೀರು!

ಲೆಕ್ಕ ಹಾಕಿ ನೋಡಿ. ಒಂದು ಕೆ.ಜಿ. ಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ. ಐದು ದಿನದಲ್ಲಿ 2.2 ಕೆ.ಜಿ. ಕೊಬ್ಬು ಬರಬೇಕಿದ್ದರೆ, ಮಾಮೂಲಿ ಊಟದ ಮೇಲೆ ನಾನು ದಿನಾ ಒಂದು ಕಿಲೋ ರಾಗಿ ಹಿಟ್ಟಿನ ಮುದ್ದೆ ನುಂಗಬೇಕಿತ್ತು. ಗದ್ದೆಯಲ್ಲಿ ದುಡಿಯುತ್ತಿದ್ದ ನಮ್ಮ ತಾತನೂ ಅಷ್ಟು ತಿಂದವರಲ್ಲ. ಆದರೆ ಆಮೇಲೆ ಬಂದ 71 ಇದೆಯಲ್ಲ, ಅದರಲ್ಲಿ ನಿಜವಾದ ಕೊಬ್ಬೂ ಇತ್ತು, ಅದು ಹೆದರಿ ಉಪವಾಸ ಬಿದ್ದದ್ದರ ಫಲ.

ಈಗ ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋಗಿ ಬಂದ ಮೇಲೆ ಮಾತ್ರ ತೂಕ ನೋಡುತ್ತೇನೆ, ಒಂದೊಂದು ದಿನದ್ದು ಬಿಟ್ಟು ವಾರದ ಸರಾಸರಿ ಬರೆದಿಡುತ್ತೇನೆ. ಮೊದಲ ಎರಡು ಮೂರು ವಾರ ಏರಿ ನಿಂತರೆ ಸುಮ್ನೆ ಇರಿ. ಆಮೇಲೂ ಸರಾಸರಿ ಏರುತ್ತಲೇ ಇದ್ದರೆ ಊಟ ಸ್ವಲ್ಪ ಜಾಸ್ತಿ ಆಗಿದೆ ಅಂತ, ಅಷ್ಟು ಕಡಿಮೆ ಮಾಡಿ. ಕಾಲು ಊದಿಕೊಂಡರೆ, ಏದುಸಿರು ಬಂದರೆ ಮಾತ್ರ ಡಾಕ್ಟರ್ ಹತ್ತಿರ ಹೋಗಿ, ಅದು ಬೇರೆ ವಿಷಯ.

ದುಡ್ಡು ಕಟ್ಟುವ ಮೊದಲು 'ಡಯಟ್ ಮುಗಿದ ಮೇಲೆ ಏನು ತಿನ್ನಬೇಕು, ತೂಕ ಎಷ್ಟು ಏರಬಹುದು' ಅಂತ ಕೇಳಿ. ನಾನು ಕೇಳಿರಲಿಲ್ಲ.