ಕಯಾಕ್ ‘ಫುಲ್ ಸೆಟ್’ ಆಫರ್ ಕಂಡರೆ ಸ್ವಲ್ಪ ತಡೆಯಿರಿ

ಮಳೆಗಾಲ ಮುಗಿದರೆ ಸಾಕು, ಫೋನ್ ತುಂಬಾ ಕಯಾಕ್ ಜಾಹೀರಾತು. ಒಬ್ಬರೋ ಇಬ್ಬರೋ ಕೂತು ಹುಟ್ಟು ಹಾಕುವ ಸಣ್ಣ ದೋಣಿ ಅದು. ಗಾಳಿ ತುಂಬುವ ಇಬ್ಬರ ಕಯಾಕ್, ಎರಡು ಹುಟ್ಟು, ಎರಡು ಲೈಫ್ ಜಾಕೆಟ್, ಪಂಪು, ಚೀಲ, ಎಲ್ಲ ಸೇರಿ ಇಷ್ಟೇ ದುಡ್ಡು. ಉಡುಪಿ ಜಿಲ್ಲೆಯ ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮಧ್ಯೆ ಬಾಡಿಗೆ ಕಯಾಕ್‌ನಲ್ಲಿ ಒಂದು ಸುತ್ತು ಹೋಗಿ ಬಂದವರಿಗೆ ನಮ್ಮದೇ ಒಂದಿದ್ದರೆ ಅನ್ನಿಸುವುದು ಸಹಜ. ನನಗೂ ಭಾವನಿಗೂ ಅನ್ನಿಸಿತು. ಅಂಥದ್ದೇ ಒಂದು ಸೆಟ್ ತರಿಸಿದೆವು. ಸುಮ್ನೆ ಏನಲ್ಲ, ಮಾರುವವರಿಗೆ ಫೋನ್ ಮಾಡಿ, ಹೊಳೆಯಲ್ಲಿ ಉಬ್ಬರ ಇಳಿತ ಇರುತ್ತೆ, ಗಾಳಿ ಇರುತ್ತೆ, ನಡೆಯುತ್ತಾ ಅಂತ ಕೇಳಿದ್ದೆವು. “ಸಮುದ್ರಕ್ಕೇ ನಡೆಯುತ್ತೆ ಸರ್, ಹೊಳೆ ಯಾವ ಲೆಕ್ಕ” ಅಂದರು.

ನಡೆಯಲಿಲ್ಲ. ಸೀತಾನದಿ ಸುವರ್ಣೆಯ ಜೊತೆ ಸೇರಿ ಕೋಡಿಬೆಂಗ್ರೆಯ ಹತ್ತಿರ ಸಮುದ್ರಕ್ಕೆ ಹೋಗುತ್ತದಲ್ಲ, ಅದಕ್ಕಿಂತ ಎಷ್ಟೋ ಒಳಗೆ ನಾವು ಇಳಿದದ್ದು. ಅಲ್ಲೂ ಇಳಿತದ ಎಳೆತ ಇದ್ದೇ ಇರುತ್ತದೆ. ಹೊಸಬರು ಆರಾಮಾಗಿ ಹುಟ್ಟು ಹಾಕಿದರೆ ಗಂಟೆಗೆ ನಾಲ್ಕೈದು ಕಿಲೋಮೀಟರ್ ಹೋಗಬಹುದು, ಅದೂ ಒಳ್ಳೆ ಕಯಾಕ್ ಆದರೆ. ನಮ್ಮದು ಮುಂದೆ ಹೋಗುವುದಕ್ಕಿಂತ ಜಾಸ್ತಿ ತಿರುಗುತ್ತಿತ್ತು. ಎಡಗಡೆ ಒಂದು ಹುಟ್ಟು ಹಾಕಿದರೆ ಮೂತಿ ಬಲಕ್ಕೆ, ಬಲಗಡೆ ಹಾಕಿದರೆ ಎಡಕ್ಕೆ. ಕಾರಣ ಆಮೇಲೆ ಗೊತ್ತಾಯಿತು. ಗಾಳಿ ತುಂಬುವ ಕಯಾಕ್ ನೀರಿನ ಮೇಲೆ ತೇಲಿಕೊಂಡೇ ಇರುತ್ತದೆ, ಹಿಡಿತ ಇರುವುದಿಲ್ಲ. ನೇರ ಹೋಗಬೇಕಾದರೆ ಹಿಂದುಗಡೆ ಅಡಿಗೆ ರೆಕ್ಕೆಯ ಹಾಗೆ ಒಂದು ಫಿನ್ ಬೇಕು. ನಮ್ಮದರಲ್ಲಿ ಫಿನ್ ಸಿಕ್ಕಿಸುವ ಜಾಗ ಇತ್ತು, ಫಿನ್ ಇರಲಿಲ್ಲ. ಜಾಹೀರಾತಿನ ಫೋಟೋದಲ್ಲಿ ಮಾತ್ರ ಇತ್ತು!

ಅದರ ಮೇಲೆ ಕಯಾಕ್ ಮೆತ್ತಗಾಗತೊಡಗಿತು. ತೂತೇನೂ ಆಗಿರಲಿಲ್ಲ. ಬಿಸಿಲಲ್ಲಿ, ಕಾದ ಮರಳಿನ ಮೇಲೆ ಗಾಳಿ ತುಂಬಿದಾಗ ಗಟ್ಟಿಯಾಗಿಯೇ ಇರುತ್ತದೆ. ತಣ್ಣನೆ ನೀರಿಗೆ ಇಳಿಸಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಈ ಅಗ್ಗದ ಕಯಾಕ್‌ಗಳಲ್ಲಿ ತುಂಬುವ ಒತ್ತಡವೇ 1 ಪಿಎಸ್ಐ (ಚದರ ಇಂಚಿಗೆ ಒಂದು ಪೌಂಡ್) ಆಸುಪಾಸು. ಹತ್ತು ಡಿಗ್ರಿ ತಣ್ಣಗಾದರೆ ಅದರಲ್ಲಿ ಹತ್ತಿರಹತ್ತಿರ ಅರ್ಧ ಹೋಗಿಬಿಡುತ್ತದೆ. ತಳ ಮಧ್ಯಕ್ಕೆ ಬಗ್ಗಿ, ನಾವಿಬ್ಬರೂ ಒಬ್ಬರಿಗೊಬ್ಬರು ತಾಗಿಕೊಂಡು ಕೂತಹಾಗಾಯಿತು. ಡಬ್ಬಿಯ ಮೇಲೆ 180 ಕೆ.ಜಿ. ಹೊರುತ್ತದೆ ಅಂತ ಬರೆದಿತ್ತು. ನಾವಿಬ್ಬರೂ ಸೇರಿ ಅಷ್ಟಿಲ್ಲ. ಆದರೆ ಆ ಲೆಕ್ಕ ಎಷ್ಟೋ ಸಲ ಮುಳುಗದೆ ತೇಲುವುದಕ್ಕೆ ಮಾತ್ರ. ಸರಿಯಾಗಿ ಓಡಿಸಬೇಕಾದರೆ ಬರೆದದ್ದರ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಹೇರಬಾರದು. ಸಾಮಾನು ಸರಂಜಾಮಿನ ತೂಕವೂ ಅದರಲ್ಲೇ ಸೇರಬೇಕು.

ಹೊರಳಿಕೊಂಡು ನೀರಿಗೆ ಬಿದ್ದೆವು. ಇಬ್ಬರಿಗೂ ಈಜು ಬರುತ್ತದೆ, ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಜಾಕೆಟ್ ಮೇಲೆ ಹೋಗಿ ಕಿವಿಗೆ ಬಂತು, ಮೈ ಕೆಳಗೆ ಹೋಯಿತು. ಭಾವನದ್ದರ ಪ್ಲಾಸ್ಟಿಕ್ ಜಿಪ್ ಅಲ್ಲೇ ಬಾಯಿ ಬಿಟ್ಟಿತು. ಪಾತಿ ದೋಣಿಯಲ್ಲಿ ಬಲೆ ಬಿಡುತ್ತಿದ್ದ ಒಬ್ಬರು ಹಿರಿಯರು ಬಂದು ದಡಕ್ಕೆ ಎಳೆದರು. “ಹ್ವಾಯ್, ಈ ಬಲೂನ್ ಹಿಡ್ಕಂಡ್ ಎಲ್ಲಿಗ್ ಹೊರ್ಟದ್ ಮಾರಾಯ್ರೆ?” ಅಂತ ಕೇಳಿದರು. ಉತ್ತರ ಇರಲಿಲ್ಲ.

ಮನೆಗೆ ಬಂದು ಆ ಜಾಕೆಟನ್ನು ಬಾವಿ ಪಕ್ಕದ ತೊಟ್ಟಿಯಲ್ಲಿ ಪರೀಕ್ಷೆ ಮಾಡಿದೆವು. ಅಂಗಡಿಯಿಂದ ಮೂರು ಕೆ.ಜಿ.ಯಷ್ಟು ಕಬ್ಬಿಣದ ತೂಕದ ಕಲ್ಲು ತಂದು ಕಟ್ಟಿ ಬಿಟ್ಟರೆ ಸೀದಾ ತಳಕ್ಕೆ. ಹೊಲಿಗೆ ಬಿಚ್ಚಿದರೆ ಒಳಗೆ ಎರಡು ತೆಳು ಫೋಮ್ ಹಾಳೆ, ನಡುವೆ ನೀರು ಕುಡಿದು ಕೂತ ಸ್ಪಂಜು. ಒಳ್ಳೆ ಜಾಕೆಟ್ ಒಳಗಡೆ ಒಂದು ಚೀಟಿ ಹೊಲಿದಿರುತ್ತಾರೆ. ಎಷ್ಟು ನ್ಯೂಟನ್, ಎಷ್ಟು ಕೆ.ಜಿ. ತೂಕದವರಿಗೆ, ಯಾವ ಮಾನದಂಡ, ಎಲ್ಲ ಅದರಲ್ಲಿರುತ್ತದೆ. 50 ನ್ಯೂಟನ್ ಅಂದರೆ ನೀರಲ್ಲಿ ಸುಮಾರು ಐದು ಕೆ.ಜಿ. ಎತ್ತಿ ಹಿಡಿಯುವ ಶಕ್ತಿ. ಈಜು ಬರುವವರಿಗೆ, ದಡದ ಹತ್ತಿರ, ಅಷ್ಟು ಸಾಕು. ಈಜು ಬಾರದವರು 100ಕ್ಕಿಂತ ಕಡಿಮೆಯದ್ದನ್ನು ಮುಟ್ಟಬೇಡಿ. 50ರದ್ದು ಎಚ್ಚರ ತಪ್ಪಿದವರ ಮುಖ ಮೇಲೆ ಮಾಡಿ ಇಡುವುದಿಲ್ಲ. ಹಾಕಿಕೊಂಡು ಎಲ್ಲ ಪಟ್ಟಿ ಬಿಗಿದ ಮೇಲೆ ಯಾರಾದರೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಲಿ. ಗದ್ದದವರೆಗೆ ಬಂದರೆ ಅದು ನಿಮ್ಮ ಅಳತೆಯದ್ದಲ್ಲ. ಇಷ್ಟು ನೋಡುವುದಕ್ಕೆ ಎರಡು ನಿಮಿಷ ಸಾಕು. ಆದರೆ ಸೆಟ್‌ನಲ್ಲಿ ‘ಫ್ರೀ’ ಬಂದದ್ದನ್ನು ಯಾರು ನೋಡುತ್ತಾರೆ?

ಅದಕ್ಕೇ ಹೇಳುವುದು, ಮೊದಲ ದುಡ್ಡು ಜಾಕೆಟ್‌ಗೆ ಹಾಕಿ. ಒಂದು ಸೀಟಿಯನ್ನೂ ಅದಕ್ಕೇ ಕಟ್ಟಿ. ಕಯಾಕ್ ಬಾಡಿಗೆಯದ್ದೇ ಇರಲಿ, ಜಾಕೆಟ್ ನಿಮ್ಮದಿರಲಿ. ಆಮೇಲೂ ಆಸೆ ಹೋಗದಿದ್ದರೆ ಮೇಲೆ ಕೂರುವ ತರದ, ಗಟ್ಟಿ ಪ್ಲಾಸ್ಟಿಕ್‌ನ ಕಯಾಕ್ ನೋಡಿ. ನಮ್ಮ ಹಿನ್ನೀರಿಗೆ, ನಮ್ಮ ಸೆಕೆಗೆ ಅದೇ ಸರಿ. ಹತ್ತರಿಂದ ಹನ್ನೆರಡು ಅಡಿ ಉದ್ದ, ಮೂವತ್ತು ಇಂಚು ಆಸುಪಾಸು ಅಗಲ ಇದ್ದರೆ ಹೊಸಬರಿಗೆ ಹದವಾಗಿರುತ್ತದೆ. ಮೇಲಿನ ತೂತುಗಳಿಂದ ನೀರು ತಾನೇ ಇಳಿದು ಹೋಗುತ್ತದೆ. ಮಗುಚಿದರೂ ತಿರುಗಿಸಿ ಹತ್ತಬಹುದು, ದಡದ ಹತ್ತಿರ ಒಂದೆರಡು ಸಲ ಅಭ್ಯಾಸ ಮಾಡಿರಬೇಕು ಅಷ್ಟೆ. ಒಳಗೆ ಕಾಲು ಚಾಚಿ ಕೂರುವ ತರದ್ದು ನೋಡಲು ಚೆಂದ. ಆದರೆ ಅಗ್ಗದವುಗಳಲ್ಲಿ ಹಿಂದೆ ಮುಂದೆ ನೀರು ತಡೆಯುವ ಅಡ್ಡಗೋಡೆ ಇರುವುದಿಲ್ಲ. ಒಮ್ಮೆ ನೀರು ತುಂಬಿದರೆ ಇಬ್ಬರು ಸೇರಿದರೂ ನಡುನೀರಲ್ಲಿ ಖಾಲಿ ಮಾಡುವುದು ಕಷ್ಟ.

ಗಟ್ಟಿ ಕಯಾಕ್‌ನ ತಾಪತ್ರಯ ಬೇರೆ. ಒಬ್ಬರದ್ದೇ ಇಪ್ಪತ್ತು ಕೆ.ಜಿ. ದಾಟುತ್ತದೆ. ಕಾರಿನ ಮೇಲೆ ಕ್ಯಾರಿಯರ್ ಬೇಕು, ಮನೆಯಲ್ಲಿ ನೆರಳಿನ ಜಾಗ ಬೇಕು. ಬಾಡಿಗೆಗೇ ಇರೋಣ ಅಂತ ನಾವು ಸದ್ಯಕ್ಕೆ ತೀರ್ಮಾನ ಮಾಡಿದ್ದೂ ಅದಕ್ಕೇ.

ಹುಟ್ಟಿನ ಬಗ್ಗೆ ಒಂದೇ ಮಾತು. ನಾಲ್ಕು ತುಂಡು ಜೋಡಿಸುವ ಅಲ್ಯೂಮಿನಿಯಂ ಹುಟ್ಟು ಬೇಡ. ಉಪ್ಪುನೀರು ತಾಗಿ ನಮ್ಮದರ ಸ್ಪ್ರಿಂಗ್ ಗುಂಡಿ ತುಕ್ಕು ಹಿಡಿದು, ಅಲಗು ಕೈಯಲ್ಲೇ ಗಿರಗಿರ ತಿರುಗುತ್ತದೆ. ಎರಡು ತುಂಡಿನದ್ದು, 230 ಸೆಂಟಿಮೀಟರ್ ಹತ್ತಿರದ್ದು ಕೇಳಿ.

ಮಾರಿದವರು ದುಡ್ಡು ವಾಪಸ್ ಕೊಡಲಿಲ್ಲ. ‘ನೀರಿಗೆ ಇಳಿಸಿದ ಮಾಲು ಹಿಂದಕ್ಕೆ ತಗೊಳ್ಳಲ್ಲ’ ಅಂತೆ. ನೀರಿಗೆ ಇಳಿಸದೆ ಕಯಾಕ್ ಪರೀಕ್ಷೆ ಮಾಡುವುದು ಹೇಗೋ ಅವರೇ ಹೇಳಬೇಕು. ಫಿನ್ ಇದ್ದ ಆ ಫೋಟೋದ ಸ್ಕ್ರೀನ್‌ಶಾಟ್ ಮತ್ತು ಬಿಲ್ ನಮ್ಮ ಹತ್ತಿರ ಇವೆ. 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ಕೊಟ್ಟಿದ್ದೇವೆ. ನೀವೂ ಕೊಳ್ಳುವ ದಿನವೇ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಆಮೇಲೆ ಫೋಟೋ ಬದಲಾಗುತ್ತದೆ. ನಮ್ಮ ಕಯಾಕನ್ನು ಅರ್ಧ ಬೆಲೆಗೆ ಕೊಡ್ತೀರಾ ಅಂತ ಆಗಲೇ ಕೇಳುವವರಿದ್ದಾರೆ. ಕೊಡುವುದಿಲ್ಲ, ದಯವಿಟ್ಟು ಕೇಳಬೇಡಿ.